ಆಲ್ಕೋಹಾಲ್ ಇಲ್ಲದ ಬಿಯರ್: ರುಚಿ ಹುಡುಕಿಕೊಂಡು ಹೋದ ನನ್ನ ಅನುಭವ

ಮೂರು ವರ್ಷದ ಹಿಂದೆ ರಕ್ತ ಪರೀಕ್ಷೆಯಲ್ಲಿ ಟ್ರೈಗ್ಲಿಸರೈಡ್, ಅಂದರೆ ರಕ್ತದಲ್ಲಿನ ಒಂದು ಬಗೆಯ ಕೊಬ್ಬು, ಜಾಸ್ತಿ ಬಂತು, ಲಿವರ್‌ನಲ್ಲೂ ಕೊಬ್ಬು ಸೇರಿದೆ ಅಂತ ಗೊತ್ತಾಯಿತು. ಡಾಕ್ಟರು ಕುಡಿಯೋದು ಪೂರ್ತಿ ಬಿಡಿ ಅಂದರು, ಬಿಟ್ಟೆ. ನಶೆ ಬೇಕು ಅಂತ ಒಂದು ದಿನವೂ ಅನ್ನಿಸಲಿಲ್ಲ. ಬೇಕು ಅನ್ನಿಸಿದ್ದು ಆ ಕಹಿ, ಆ ನೊರೆ, ಶನಿವಾರ ಸಂಜೆ ಇಂದಿರಾನಗರದಲ್ಲಿ ಗೆಳೆಯರ ಜೊತೆ ಕೂತಾಗ ಗೋಧಿ ಬಿಯರಿನ ಗ್ಲಾಸಿನಿಂದ ಮೂಗಿಗೆ ಬರುತ್ತಿದ್ದ ಬಾಳೆಹಣ್ಣು ಮತ್ತು ಲವಂಗದ ವಾಸನೆ. ಅವರೆಲ್ಲ ಗ್ಲಾಸ್ ಎತ್ತುವಾಗ ನಾನು ನಿಂಬೆ ಸೋಡಾ ಹಿಡಿದು ಕೂರುವುದು ಬೇಜಾರಾಗುತ್ತಿತ್ತು.

ಮೊದಲ ಕೆಲವು ತಿಂಗಳು ಸುಮ್ನೆ ದುಡ್ಡು ಹೋಯಿತು. ಸೂಪರ್‌ಮಾರ್ಕೆಟ್‌ನಲ್ಲಿ 'ನಾನ್ ಆಲ್ಕೋಹಾಲಿಕ್' ಅಂತ ಕಂಡಿದ್ದನ್ನೆಲ್ಲ ತಂದೆ. ಅರ್ಧಕ್ಕರ್ಧ ಹಣ್ಣಿನ ಫ್ಲೇವರ್ ಹಾಕಿದ ಸಿಹಿ ಮಾಲ್ಟ್ ಡ್ರಿಂಕ್. ಉಳಿದವುಗಳಲ್ಲಿ ಕೆಲವು ಕುಡಿದರೆ ರಾಗಿ ಮಾಲ್ಟಿಗೆ ಗ್ಯಾಸ್ ತುಂಬಿದ ಹಾಗೆ. ಯಾಕೆ ಹೀಗೆ ಅಂತ ಓದಿಕೊಂಡ ಮೇಲೆ ನನ್ನ ಹುಡುಕಾಟ ಸರಿದಾರಿಗೆ ಬಂತು.

ಬಾರ್ಲಿಯನ್ನೂ ರಾಗಿಯ ಹಾಗೆ ಮೊಳಕೆ ಬರಿಸಿ, ಒಣಗಿಸಿ, ಬಿಸಿ ನೀರಲ್ಲಿ ನೆನೆಸಿ ಸಿಹಿ ರಸ ತೆಗೆಯುತ್ತಾರೆ. ಯೀಸ್ಟ್ ಅನ್ನುವ ಹುದುಗು ಬರಿಸುವ ಸೂಕ್ಷ್ಮಜೀವಿ ಆ ಸಕ್ಕರೆ ತಿಂದು ಆಲ್ಕೋಹಾಲ್ ಮಾಡುತ್ತದೆ. ಆಲ್ಕೋಹಾಲ್ ಬೇಡ ಅಂದರೆ ಒಂದು ದಾರಿ, ಹುದುಗುವುದನ್ನು ಅರ್ಧಕ್ಕೇ ನಿಲ್ಲಿಸುವುದು, ಇಲ್ಲವೇ ಮಾಲ್ಟಿನ ಸಕ್ಕರೆಯನ್ನು ತಿನ್ನದ ಬೇರೆ ಜಾತಿಯ ಯೀಸ್ಟ್ ಹಾಕುವುದು. ಸಿಹಿಯೂ ಹಸಿ ಮಾಲ್ಟಿನ ವಾಸನೆಯೂ ಉಳಿದುಬಿಡುವುದು ಇಲ್ಲೇ. ಇನ್ನೊಂದು ದಾರಿ, ಪೂರ್ತಿ ಬಿಯರ್ ಮಾಡಿ ಆಮೇಲೆ ಆಲ್ಕೋಹಾಲ್ ತೆಗೆಯುವುದು. ಆಲ್ಕೋಹಾಲ್ ಕುದಿಯುವುದು 78 ಡಿಗ್ರಿಯಲ್ಲಿ, ಅಷ್ಟು ಕಾಯಿಸಿದರೆ ಬಿಯರ್ ಕೆಟ್ಟು ಹೋಗುತ್ತದೆ ಅಲ್ವಾ. ಅದಕ್ಕೆ ಗಾಳಿಯ ಒತ್ತಡ ಕಡಿಮೆ ಮಾಡಿ, ಎತ್ತರದ ಬೆಟ್ಟದ ಮೇಲೆ ನೀರು ಬೇಗ ಕುದಿಯುವ ಹಾಗೆ, ಕಡಿಮೆ ಬಿಸಿಯಲ್ಲೇ ಅದನ್ನು ಹಾರಿಸುತ್ತಾರೆ. ಸಿಹಿ ಉಳಿಯಲ್ಲ, ಆದರೆ ಸ್ವಲ್ಪ ಪರಿಮಳವೂ ಜೊತೆಗೇ ಹಾರಿಹೋಗುತ್ತದೆ, ಬಾಯಿಗೆ ತೆಳ್ಳಗೆ ಅನ್ನಿಸುತ್ತದೆ.

ಹಾಗಾದರೆ ಪರಿಮಳ ಮತ್ತು ಬಾಯಿಗೆ ಸಿಗುವ ಗಟ್ಟಿತನ ಬೇರೆ ಎಲ್ಲಿಂದಲೋ ಬರುವ ಬಿಯರ್ ಹುಡುಕಬೇಕು ಅಂತ ನನಗೆ ಹೊಳೆದಿದ್ದು ಆಗ. ಗೋಧಿಯಲ್ಲಿ ಪ್ರೋಟೀನ್ ಜಾಸ್ತಿ, ಅದು ನೊರೆ ಹಿಡಿಯುತ್ತದೆ, ಬಾಯಿ ತುಂಬುತ್ತದೆ. ಬಿಯರಿಗೆ ಕಹಿ ಮತ್ತು ಪರಿಮಳ ಕೊಡುವ ಹಾಪ್ಸ್ ಹೂವನ್ನು ಕೊನೆಯಲ್ಲಿ ತಣ್ಣಗೆ ನೆನೆಸಿದ ಐಪಿಎ (ಇಂಡಿಯಾ ಪೇಲ್ ಏಲ್) ಥರದ ಬಿಯರ್‌ಗಳಲ್ಲೂ ವಾಸನೆ ಗಟ್ಟಿ. ಸಾದಾ ಲಾಗರ್‌ನಲ್ಲಿ, ಅಂದರೆ ತಿಳಿ ಬಣ್ಣದ ಮಾಮೂಲಿ ಬಿಯರ್‌ನಲ್ಲಿ ಮಾತ್ರ ಬಚ್ಚಿಡಲು ಏನೂ ಇರಲ್ಲ, ಅದನ್ನು ಚೆನ್ನಾಗಿ ಮಾಡುವುದು ಕಷ್ಟ.

ಆಫೀಸ್ ಕೆಲಸಕ್ಕೆ ಮ್ಯೂನಿಕ್‌ಗೆ ಹೋದಾಗ ಇದು ನಿಜ ಅಂತ ಖಾತ್ರಿಯಾಯಿತು. ಅಲ್ಲಿ ಆಲ್ಕೋಹಾಲ್ ಇಲ್ಲದ ಬಿಯರ್ ಕೇಳಿದರೆ ಯಾರೂ ವಿಚಿತ್ರವಾಗಿ ನೋಡಲ್ಲ. ಕ್ಲೌಸ್ಟಾಲರ್ ಅನ್ನುವ ಆಲ್ಕೋಹಾಲ್ ಇಲ್ಲದ ಬಿಯರ್ ಬ್ರ್ಯಾಂಡ್ 1979ರಿಂದಲೇ ಇದೆ. ಎರ್ಡಿಂಗರ್‌ನ ಆಲ್ಕೋಹಾಲ್ ಇಲ್ಲದ ಗೋಧಿ ಬಿಯರನ್ನು ಓಟಗಾರರು ಓಟ ಮುಗಿಸಿ ಕುಡಿಯುತ್ತಾರೆ. ನನಗೆ ಮನಸ್ಸು ತುಂಬಿದ್ದು ವೈಹೆನ್‌ಸ್ಟೆಫಾನ್ ಬ್ರ್ಯಾಂಡಿನ ಆಲ್ಕೋಹಾಲ್ ಇಲ್ಲದ ಗೋಧಿ ಬಿಯರ್. ಅದೇ ಬಾಳೆಹಣ್ಣು, ಅದೇ ಲವಂಗ. ಆ ಗ್ಲಾಸ್ ಮುಗಿಸಲು ಒಂದು ಗಂಟೆ ತೆಗೆದುಕೊಂಡೆ.

ಒಂದು ಮಾತು ಗಮನದಲ್ಲಿರಲಿ. ಜರ್ಮನಿಯಲ್ಲಿ 'ಆಲ್ಕೋಹಾಲ್ ಇಲ್ಲ' ಅಂದರೆ ಶೇ. 0.5ರವರೆಗೆ ಇರಬಹುದು. ನಮ್ಮಲ್ಲೂ ಶೇ. 0.5 ದಾಟಿದರೆ ಮಾತ್ರ ಅದು ಮದ್ಯ. ಒಂದು ಹನಿಯೂ ಬೇಡ ಅನ್ನುವವರು 0.0 ಅಂತ ಬರೆದಿರುವುದನ್ನೇ ತೆಗೆದುಕೊಳ್ಳಿ. ಕುಡಿತದ ಚಟ ಬಿಟ್ಟವರು ಡಾಕ್ಟರನ್ನು ಕೇಳದೆ ಈ ರುಚಿಯ ಹತ್ತಿರ ಬರಬೇಡಿ, ಇದನ್ನು ಕಾಳಜಿಯಿಂದ ಹೇಳುತ್ತಿದ್ದೇನೆ.

ಬೆಂಗಳೂರಿಗೆ ವಾಪಸ್ ಬಂದು, ಇಲ್ಲಿ ಸಿಗುವುದನ್ನೆಲ್ಲ ಹೆಸರು ನೋಡದೆ ಕುಡಿಯೋಣ ಅಂತ ಹೊರಟೆ. ನನ್ನ ಹೆಂಡತಿ ಅಡುಗೆಮನೆಯಲ್ಲಿ ಸ್ಟೀಲ್ ಲೋಟಗಳಿಗೆ ಸುರಿದು, ಕೆಳಗೆ ನಂಬರ್ ಚೀಟಿ ಅಂಟಿಸಿ ತಂದು ಕೊಡುತ್ತಿದ್ದಳು. ಲಾಗರ್‌ಗಳಲ್ಲಿ ಹೈನೆಕೆನ್ 0.0 ಮೂರು ಸಲವೂ ಮೇಲೆ ಬಂತು: ಸ್ವಚ್ಛ ರುಚಿ, ಕೊನೆಯಲ್ಲಿ ಹದವಾದ ಕಹಿ. ಹೂಗಾರ್ಡನ್ 0.0 ಸ್ವಲ್ಪ ಸಿಹಿ, ಆದರೆ ಕಿತ್ತಳೆ ಸಿಪ್ಪೆ, ಕೊತ್ತಂಬರಿ ಬೀಜದ ವಾಸನೆ ನನಗೆ ಇಷ್ಟ. ಕಾಂಗ್ರೆಸ್ ಕಡಲೆಕಾಯಿ ಬೀಜದ ಜೊತೆ ಕುಡಿದು ನೋಡಿ, ಆ ಖಾರಕ್ಕೆ ಸಿಹಿ ಅಡಗಿಬಿಡುತ್ತದೆ.

ಈಗ ಡಬ್ಬ ಕೈಗೆ ತೆಗೆದುಕೊಂಡರೆ ಮೊದಲು ನೋಡುವುದು 100 ಮಿಲಿಗೆ ಸಕ್ಕರೆ ಎಷ್ಟು ಅಂತ. ಐದಾರು ಗ್ರಾಂ ದಾಟಿದರೆ ವಾಪಸ್ ಇಡುತ್ತೇನೆ, ಟ್ರೈಗ್ಲಿಸರೈಡ್‌ಗೂ ಅದು ಒಳ್ಳೆಯದಲ್ಲ. ಆಮೇಲೆ ತಯಾರಾದ ತಾರೀಖು. ಬಾಟಲಿಗಿಂತ ಕ್ಯಾನ್ ಮೇಲು. ಬೆಳಕು ಬಿದ್ದರೆ ಹಾಪ್ಸ್ ಕೆಟ್ಟು ನಾರುತ್ತದೆ. ಒಂದು ಅಂಗಡಿಯ ಟ್ಯೂಬ್‌ಲೈಟ್ ಫ್ರಿಜ್ಜಿನಲ್ಲಿ ಎಷ್ಟು ದಿನದಿಂದ ಇತ್ತೋ, ಅಲ್ಲಿಂದ ತಂದ ಹಸಿರು ಬಾಟಲಿ ಮುಚ್ಚಳ ತೆಗೆದ ಕೂಡಲೇ ಸಿಂಕಿಗೆ ಹೋಯಿತು. ಫ್ರೀಜರ್‌ನಲ್ಲಿಟ್ಟು ತೀರಾ ತಣ್ಣಗೆ ಮಾಡಬೇಡಿ, ವಾಸನೆಯೇ ಬರಲ್ಲ. ಫ್ರಿಜ್‌ನಿಂದ ತೆಗೆದು ಹತ್ತು ನಿಮಿಷ ಬಿಟ್ಟು, ಅಗಲ ಬಾಯಿಯ ಗಾಜಿನ ಗ್ಲಾಸಿಗೆ ನೊರೆ ಏಳುವಂತೆ ಸುರಿಯಿರಿ. ಗೋಧಿ ಬಿಯರ್ ಆದರೆ ಕೊನೆಯ ಸ್ವಲ್ಪವನ್ನು ಅಲ್ಲಾಡಿಸಿ, ತಳದ ಗಸಿಯನ್ನೂ ಗ್ಲಾಸಿಗೆ ಹಾಕಿ.

ಹೋದ ತಿಂಗಳು ತಮ್ಮ ಜರ್ಮನಿಯಿಂದ ಬರುವಾಗ ಬಟ್ಟೆಯಲ್ಲಿ ಸುತ್ತಿ ಎರಡು ವೈಹೆನ್‌ಸ್ಟೆಫಾನ್ ತಂದ. ಒಂದನ್ನು ಅವನು ಬಂದ ದಿನವೇ ಇಬ್ಬರೂ ಹಂಚಿಕೊಂಡೆವು. ಇನ್ನೊಂದು ಫ್ರಿಜ್ಜಿನ ಒಳಗಡೆ, ಬೆಳಕು ತಾಗದ ಹಾಗೆ ಪೇಪರ್ ಸುತ್ತಿಕೊಂಡು ಕೂತಿದೆ. ಶನಿವಾರ ಗೆಳೆಯರು ಮನೆಗೆ ಬರುತ್ತಾರೆ.