ಸರ್ಕಾರಿ ಶಾಲೆ ಬಗ್ಗೆ ಒಬ್ಬೊಬ್ಬರು ಒಂದೊಂದು ಹೇಳಿದರೆ ಏನು ಮಾಡೋದು?

ಮಂಡ್ಯ ಕಡೆ ಮಗುವನ್ನು ಒಂದನೇ ಕ್ಲಾಸಿಗೆ ಸೇರಿಸುವ ಮಾತು ಬಂದರೆ ಸಾಕು. ಪಕ್ಕದ ಮನೆಯವರು "ಸರ್ಕಾರಿ ಶಾಲೆನಾ, ಅಲ್ಲಿ ಬರೀ ಆಟ" ಅನ್ನುತ್ತಾರೆ, ಎದುರು ಮನೆಯವರು "ನಮ್ಮ ಮಗಳು ಅಲ್ಲೇ ಓದಿದ್ದು, ಮಿಸ್ಸು ಎಷ್ಟು ಚೆನ್ನಾಗಿ ನೋಡಿಕೊಂಡರು ಗೊತ್ತಾ" ಅನ್ನುತ್ತಾರೆ. ಇಬ್ಬರೂ ಕಂಡದ್ದನ್ನೇ ಹೇಳುತ್ತಿರುತ್ತಾರೆ. ಅದಕ್ಕೇ ಮೊದಲು ಕೇಳಿ: ನಿಮ್ಮ ಮಗು ಯಾವ ಕ್ಲಾಸಲ್ಲಿತ್ತು, ಯಾವ ವರ್ಷ, ಆ ಟೀಚರ್ ಈಗಲೂ ಅಲ್ಲೇ ಇದ್ದಾರಾ? ಚಿಕ್ಕ ಶಾಲೆಯಲ್ಲಿ ಒಬ್ಬರು ವರ್ಗವಾಗಿ ಹೋದರೂ ಎಲ್ಲಾ ಬದಲಾಗುತ್ತೆ.

"ಬರೀ ಆಟ" ಅನ್ನೋದು ಹೆಚ್ಚಾಗಿ ನಲಿ-ಕಲಿ ಅನ್ನೋ ಕಲಿಸುವ ವಿಧಾನ ನೋಡಿ ಬಂದ ಮಾತು. ಇದು 1995ರಲ್ಲಿ ಪಕ್ಕದ ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲೇ ಶುರುವಾಗಿದ್ದು, ಅದು ನಮಗೆ ಹೆಮ್ಮೆ ಅಲ್ವಾ. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪು ಗುಂಪಾಗಿ ಕೂತು, ಕಾರ್ಡು ಹಿಡಿದು, ತಮ್ಮ ತಮ್ಮ ವೇಗದಲ್ಲಿ ಕಲಿಯುತ್ತಾರೆ. ಹೊರಗಿಂದ ನೋಡಿದರೆ ಗಲಾಟೆ ಅನ್ನಿಸುತ್ತೆ. ಒಳ್ಳೆ ಟೀಚರ್ ಕೈಯಲ್ಲಿ ಅದು ಚಂದ ನಡೆಯುತ್ತೆ, ಇಲ್ಲದಿದ್ದರೆ ಮಗು ಅದೇ ಕಾರ್ಡು ಹಿಡಿದು ಸುಮ್ನೆ ಕೂತಿರುತ್ತೆ.

ಹಾಗಾಗಿ ಹೆಡ್ ಮಾಸ್ಟ್ರನ್ನು ಕೇಳಿಕೊಂಡು ಒಂದಿಷ್ಟು ಹೊತ್ತು ಬಾಗಿಲ ಹತ್ತಿರ ನಿಂತು ನೋಡಿ. ಟೀಚರ್ ಎಲ್ಲಾ ಗುಂಪಿನ ಹತ್ತಿರ ಹೋಗುತ್ತಾರಾ, ಮೂಲೆಯ ಮಗುವನ್ನು ಮಾತಾಡಿಸುತ್ತಾರಾ ಗಮನಿಸಿ. ಆಮೇಲೆ ಮೂರನೇ ಕ್ಲಾಸಿನ ಒಂದು ಮಗುವಿಗೆ ಕನ್ನಡ ಪುಸ್ತಕ ಕೊಟ್ಟು, ಪಾಠ ಆಗಿಲ್ಲದ ಪುಟ ಓದಿಸಿ. ಪಾಠ ಆಗಿರೋ ಪುಟ ಬಾಯಿಪಾಠ ಬಂದಿರುತ್ತೆ. ಒತ್ತಕ್ಷರ ಬಂದಲ್ಲಿ ತಡವರಿಸಿದರೂ ಬಿಡಿಸಿ ಓದಿದರೆ ಅಲ್ಲಿ ಕಲಿಕೆ ನಡೆಯುತ್ತಿದೆ ಅಂತ ನಂಬಬಹುದು. ನೋಟ್ ಬುಕ್ಕಿನಲ್ಲಿ ಬರೀ ಕೆಂಪು ರೈಟ್ ಗುರುತಿದೆಯಾ ಅಥವಾ ತಪ್ಪನ್ನು ತಿದ್ದಿ ಮಗು ಮತ್ತೆ ಬರೆದಿದೆಯಾ ಅದನ್ನೂ ನೋಡಿ.

"ಹೊಡೆಯಲ್ಲ, ಮಕ್ಕಳಿಗೆ ಭಯಾನೇ ಇಲ್ಲ" ಅಂತ ಕೆಲವರು ದೂರುತ್ತಾರೆ. ಹೊಡೆಯೋದು 2009ರ ಶಿಕ್ಷಣ ಹಕ್ಕು ಕಾಯ್ದೆ ಪ್ರಕಾರ ತಪ್ಪು. ಮಗು ಧೈರ್ಯವಾಗಿ ಪ್ರಶ್ನೆ ಕೇಳುತ್ತಿದ್ದರೆ ನನ್ನ ಪ್ರಕಾರ ಅದು ಶಾಲೆಯ ದೊಡ್ಡ ಗುಣ.

ಟೀಚರ್ ಸಂಖ್ಯೆ ತಪ್ಪದೆ ವಿಚಾರಿಸಿ. ಒಂದರಿಂದ ಐದರವರೆಗೆ 60 ಮಕ್ಕಳಿರುವ ಶಾಲೆಗೆ ಕಾಯ್ದೆ ಹೇಳೋದು ಇಬ್ಬರು ಶಿಕ್ಷಕರು ಅಂತ. ಅವರಲ್ಲಿ ಒಬ್ಬರು ತರಬೇತಿಗೆ ಹೋದರೆ ಉಳಿದವರೇ ಐದೂ ಕ್ಲಾಸು ನೋಡಬೇಕು. "ಪಾಠಾನೇ ಆಗಲ್ಲ" ಅನ್ನೋ ದೂರು ಎಷ್ಟೋ ಸಲ ಬರೋದು ಇಲ್ಲಿಂದ, ಅದಕ್ಕೆ ಆ ಮೇಷ್ಟ್ರನ್ನು ಬೈದು ಪ್ರಯೋಜನ ಇಲ್ಲ.

ಬಿಸಿಯೂಟದ ಹೊತ್ತಿಗೆ ಇನ್ನೊಂದು ಸಲ ಹೋಗಿ. ಮಕ್ಕಳು ಜಾತಿ, ಕೇರಿ ನೋಡದೆ ಒಟ್ಟಿಗೆ ಕೂರುತ್ತಾರಾ, ಕೈ ತೊಳೆಯಲು ನೀರಿದೆಯಾ, ಹುಡುಗಿಯರ ಶೌಚಾಲಯಕ್ಕೆ ಬೀಗ ಹಾಕಿದೆಯಾ, ಎಲ್ಲಾ ಆಗ ಕಾಣುತ್ತೆ.

ಸೇರಿಸಿದ ಮೇಲೆ ಶಾಲೆಯ ಅಭಿವೃದ್ಧಿ, ಉಸ್ತುವಾರಿ ನೋಡಿಕೊಳ್ಳುವ ಸಮಿತಿಯ, ಅಂದರೆ ಎಸ್‌ಡಿಎಂಸಿ ಸಭೆ ಯಾವತ್ತು ಅಂತ ಕೇಳಿಕೊಳ್ಳಿ. ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು. ಬರೀ ಆಟ ಅಂದವರನ್ನೂ, ಮಿಸ್ಸನ್ನು ಹೊಗಳಿದವರನ್ನೂ ಅಲ್ಲಿಗೇ ಕರೆಯಿರಿ. ಟೀಚರ್ ಎದುರಿಗೇ ಮಾತಾಡಲಿ.