ಸ್ಲೀಪ್‌ನಿಂದ ಎದ್ದ ಮೇಲೆ ಮೇಲ್ ಬರ್ತಿಲ್ವಾ?

ಕೋಲಾರದ ಟೊಮೆಟೊ ಮಂಡಿಯಲ್ಲಿ ಲೆಕ್ಕ ಬರೆಯುವ ನನ್ನ ತಮ್ಮ ಊಟಕ್ಕೆ ಹೋಗುವಾಗ ಲ್ಯಾಪ್‌ಟಾಪ್ ಮುಚ್ಚಿಟ್ಟು ಹೋಗುತ್ತಾನೆ. ಬಂದು ತೆರೆದರೆ ಬ್ರೌಸರ್ ಚೆನ್ನಾಗೇ ಓಡುತ್ತದೆ, ಔಟ್‌ಲುಕ್, ಥಂಡರ್‌ಬರ್ಡ್ ಥರದ ಮೇಲ್ ಪ್ರೋಗ್ರಾಂ ಮಾತ್ರ ಸುಮ್ನೆ ಸುತ್ತುತ್ತಾ ಇರುತ್ತದೆ. ನಿಮಗೂ ಹೀಗೇ ಆದರೆ ಗಾಬರಿಯಲ್ಲಿ ಅಕೌಂಟ್ ಅಳಿಸಬೇಡಿ. ಪಾಪ್ (ಮೇಲ್‌ಗಳನ್ನು ಕಂಪ್ಯೂಟರ್‌ಗೇ ಇಳಿಸಿಕೊಳ್ಳುವ ಬಗೆ) ಅಕೌಂಟ್ ಆಗಿದ್ದರೆ ಇಳಿಸಿಕೊಂಡ ಹಳೇ ಮೇಲ್‌ಗಳೂ ಹೋಗಬಹುದು.

ಕಂಪ್ಯೂಟರ್ ಮಲಗಿದಾಗ ಮೇಲ್ ಕಳಿಸಿಕೊಡುವ ದೂರದ ಕಂಪ್ಯೂಟರ್, ಅಂದರೆ ಸರ್ವರ್ ಜೊತೆಗಿನ ಸಂಪರ್ಕ ಕಡಿದುಹೋಗುತ್ತದೆ. ಎದ್ದ ಮೇಲೆ ಕೆಲವೊಮ್ಮೆ ಪ್ರೋಗ್ರಾಂಗೆ ಅದು ಗೊತ್ತಾಗದೆ, ಇಲ್ಲದ ಸಂಪರ್ಕದಲ್ಲೇ ಉತ್ತರಕ್ಕೆ ಕಾಯುತ್ತಿರುತ್ತದೆ.

ಮೊದಲು ಬ್ರೌಸರ್‌ನಲ್ಲಿ ಒಂದು ಪುಟ ತೆರೆಯಿರಿ. ಅದೂ ಬರದಿದ್ದರೆ ತೊಂದರೆ ನೆಟ್‌ನದು. ಬಂದರೆ, ಮೇಲ್ ಪ್ರೋಗ್ರಾಂನಲ್ಲಿ 'ವರ್ಕ್ ಆಫ್‌ಲೈನ್' ಒತ್ತಿ, ಹತ್ತು ಸೆಕೆಂಡ್ ಬಿಟ್ಟು ಮತ್ತೆ ಆನ್‌ಲೈನ್ ಮಾಡಿ. ಎಷ್ಟೋ ಸಲ ಇಷ್ಟೇ ಸಾಕು. ವಿಪಿಎನ್ (ನೆಟ್ ಸಂಪರ್ಕವನ್ನು ಗುಪ್ತ ದಾರಿಯಲ್ಲಿ ಕಳಿಸುವ ಪ್ರೋಗ್ರಾಂ) ಇದ್ದರೆ ಅದನ್ನೂ ಒಮ್ಮೆ ಆಫ್ ಮಾಡಿ ಆನ್ ಮಾಡಿ.

ಆಗಲಿಲ್ವಾ? ಬರೆಯುತ್ತಿದ್ದ ಮೇಲ್ ಇದ್ದರೆ ಅದನ್ನು ಮರೆಯದೆ ಕಾಪಿ ಮಾಡಿಕೊಂಡು ಪ್ರೋಗ್ರಾಂ ಮುಚ್ಚಿ ತೆರೆಯಿರಿ. ವಿಂಡೋಸ್‌ನಲ್ಲಿ ಅದು ಮುಚ್ಚದೇ ಹಟ ಮಾಡಿದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ, ಟಾಸ್ಕ್ ಮ್ಯಾನೇಜರ್‌ನಲ್ಲಿ ಅದರ ಹೆಸರು ಹಿಡಿದು 'ಎಂಡ್ ಟಾಸ್ಕ್' ಕೊಡಿ.

ದಿನಾ ಇದೇ ಗೋಳಾದರೆ ವಿಂಡೋಸ್‌ನ ಡಿವೈಸ್ ಮ್ಯಾನೇಜರ್‌ಗೆ ಹೋಗಿ, ನೆಟ್‌ವರ್ಕ್ ಅಡಾಪ್ಟರ್ಸ್ ಕೆಳಗೆ ನಿಮ್ಮ ವೈಫೈ ಕಾರ್ಡ್ ಮೇಲೆ ಎರಡು ಸಲ ಕ್ಲಿಕ್ ಮಾಡಿ, 'ಪವರ್ ಮ್ಯಾನೇಜ್‌ಮೆಂಟ್' ಟ್ಯಾಬ್‌ನಲ್ಲಿ ವಿದ್ಯುತ್ ಉಳಿಸಲು ಕಂಪ್ಯೂಟರ್ ಇದನ್ನು ಆಫ್ ಮಾಡಬಹುದು ಅನ್ನುವ ಮೊದಲ ಟಿಕ್ ತೆಗೆಯಿರಿ. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಈ ಟ್ಯಾಬೇ ಇರುವುದಿಲ್ಲ. ಆಗ ಚಾರ್ಜರ್ ಹಾಕಿದ್ದಾಗ ಸ್ಲೀಪ್ ಆಗದಂತೆ ಸೆಟ್ ಮಾಡಿಟ್ಟುಕೊಳ್ಳಿ, ಮುಚ್ಚಳ ಮುಚ್ಚಿದರೆ ಏನಾಗಬೇಕು ಅನ್ನುವ ಸೆಟ್ಟಿಂಗನ್ನೂ ಹಾಗೇ ಸ್ಲೀಪ್ ಆಗದಂತೆ ಬದಲಿಸಿ.