ಮಷೀನ್ ನಿಂತ ಕಾರಣ: ಸಾರ್

ಪೀಣ್ಯದಲ್ಲಿ ನನ್ನದೊಂದು ಸಣ್ಣ ಶೆಡ್ಡು. ನಾಲ್ಕು ಸಿಎನ್‌ಸಿ ಲೇತು (ಕಂಪ್ಯೂಟರ್ ಹೇಳಿದಂತೆ ಲೋಹವನ್ನು ತಿರುಗಿಸಿ ಕೊರೆಯುವ ಮಷೀನು), ಒಂದು ವಿಎಂಸಿ (ಅದೇ ಥರದ ಮಿಲ್ಲಿಂಗ್ ಮಷೀನು), ನನ್ನನ್ನು ಬಿಟ್ಟು 14 ಜನ. ಪಂಪು, ಗೇರ್‌ಬಾಕ್ಸ್ ಮಾಡುವ ಕಂಪನಿಗಳಿಗೆ ಶಾಫ್ಟು, ಬುಷ್ಷು ಮಾಡಿಕೊಡುವ ಜಾಬ್ ವರ್ಕ್. 2023ರ ಮಧ್ಯದ ತನಕ ನಮ್ಮಲ್ಲಿ ಎರಡೇ ಶಿಫ್ಟು: ಬೆಳಿಗ್ಗೆ ಎಂಟರಿಂದ ರಾತ್ರಿ ಎಂಟು, ರಾತ್ರಿ ಎಂಟರಿಂದ ಬೆಳಿಗ್ಗೆ ಎಂಟು. ನಾನೂ ಹಾಗೇ ಕೆಲಸ ಕಲಿತವನು. ಇದರಲ್ಲಿ ತಪ್ಪೇನಿದೆ ಅಂತ ಅನ್ನಿಸಿರಲೇ ಇಲ್ಲ.

ಆ ಆಗಸ್ಟ್‌ನಲ್ಲಿ ಒಂದು ದಿನ ಬೆಳಗಿನ ಜಾವ, ನಾಲ್ಕೂವರೆ ಹೊತ್ತಿಗೆ, ಟೂಲ್ ಸ್ವಲ್ಪ ಸವೆದಿದೆ ಅಂತ ಆಪರೇಟರ್ ಹುಡುಗ ಆಫ್‌ಸೆಟ್, ಅಂದರೆ ಟೂಲ್ ಎಷ್ಟು ಒಳಗೆ ಹೋಗಬೇಕು ಅನ್ನುವ ಅಂಕಿ, ತಿದ್ದಿದ. ಮೈನಸ್ 0.02 ಮಿ.ಮೀ. ಕೊಡಬೇಕಿತ್ತು, ಮೈನಸ್ 0.2 ಒತ್ತಿದ. 20 ಮೈಕ್ರಾನ್ ಟಾಲರೆನ್ಸ್ ಇರುವ, ಅಂದರೆ ಅಳತೆ 0.02 ಮಿ.ಮೀ.ಗಿಂತ ಹೆಚ್ಚು ಆಚೀಚೆ ಆಗಬಾರದ ಶಾಫ್ಟು ಅದು. ದಪ್ಪ ಉಳಿದಿದ್ದರೆ ಇನ್ನೊಂದು ಕಟ್ ಹಾಕಿ ಉಳಿಸಿಕೊಳ್ಳಬಹುದಿತ್ತು, ತೆಳ್ಳಗಾದ ಮೇಲೆ ದೇವರೇ ಬಂದರೂ ಸ್ಕ್ರಾಪೇ. ಬೆಳಿಗ್ಗೆ ನಾನು ಬರುವ ಹೊತ್ತಿಗೆ ಅರವತ್ತಕ್ಕೂ ಜಾಸ್ತಿ ಪೀಸ್ ಟ್ರೇನಲ್ಲಿ ಹೊಳೀತಾ ಕೂತಿದ್ದವು.

ಚೆನ್ನಾಗಿ ಬೈದೆ. ಹತ್ತು ಪೀಸಿಗೊಂದು ಅಳೀಬೇಕು ಅಂತ ಹೇಳಿದ್ದೆನಲ್ಲ, ಎಲ್ಲಿ ಶೀಟು ಅಂತ ಕಿತ್ತುಕೊಂಡು ನೋಡಿದರೆ ಎಲ್ಲಾ ರೀಡಿಂಗೂ ಒಂದೇ, ಎಲ್ಲಾ ಒಂದೇ ಸಲ ಕೂತು ಬರೆದದ್ದು. ಮೈಕ್ರೋಮೀಟರ್ ಮುಟ್ಟೇ ಇರಲಿಲ್ಲ. ಇನ್ನೂ ಬೈಯಬೇಕು ಅಂತ ಬಾಯಿ ತೆರೆದವನಿಗೆ ಶೀಟಿನ ಕೆಳಗೆ ‘ಪರಿಶೀಲಿಸಲಾಗಿದೆ’ ಅನ್ನುವ ಜಾಗದಲ್ಲಿ ನನ್ನದೇ ಸಹಿ ಕಾಣಿಸಿತು. ರಾತ್ರಿ ನಾನಿರುವುದಿಲ್ಲ ಅಂತ ಖಾಲಿ ಶೀಟುಗಳಿಗೆ ಮೊದಲೇ ಸಹಿ ಹಾಕಿ ಪ್ಯಾಡಿನಲ್ಲಿ ಇಟ್ಟು ಹೋಗುತ್ತಿದ್ದವನು ನಾನೇ. ಆ ಹುಡುಗನಿಗೆ ಅದು ರಜೆಯಿಲ್ಲದ 17ನೇ ರಾತ್ರಿ. ಅದಕ್ಕೂ ಹೂಂ ಅಂದವನು ನಾನೇ.

ನನ್ನ ಕಥೆಯೂ ಆಗ ಹೆಚ್ಚುಕಮ್ಮಿ ಹಾಗೇ ಇತ್ತು. ಬೆಳಿಗ್ಗೆ ಶೆಡ್ಡಿನ ಮುಂದೆ ಕಾರು ನಿಲ್ಲಿಸಿ, ಇಂಜಿನ್ ಆಫ್ ಮಾಡಿ, ಇಳಿಯದೇ ಇಪ್ಪತ್ತು ನಿಮಿಷ ಸುಮ್ನೆ ಕೂರುತ್ತಿದ್ದೆ. ಎದುರಿನ ಟೀ ಅಂಗಡಿಯವರು ನಾನು ಫೋನಿನಲ್ಲಿದ್ದೀನಿ ಅಂದುಕೊಂಡು ಕಾರಿಗೇ ಟೀ ತಂದುಕೊಡುತ್ತಿದ್ದರು. ಮಗಳ ಸ್ಕೂಲ್ ಫಾರಂನಲ್ಲಿ ಅವಳ ಕ್ಲಾಸು ತಪ್ಪು ಬರೆದೆ, ಹೋದ ವರ್ಷದ್ದು. ರಾತ್ರಿ ಎರಡು ಗಂಟೆಗೆ ‘ಸಾರ್, ಇನ್ಸರ್ಟ್ (ಟೂಲಿನ ತುದಿಯ ಕೊರೆಯುವ ತುಂಡು) ಮುರೀತು’ ಅಂತ ಫೋನ್ ಬಂದರೆ ಸಿಟ್ಟೂ ಬರುತ್ತಿರಲಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್‌ಗೆ ಮೂರು ಲಕ್ಷಣ ಹೇಳಿದೆ: ಶಕ್ತಿ ಸೋರಿಹೋಗುವುದು, ಕೆಲಸದ ಮೇಲೆ ಜಿಗುಪ್ಸೆ, ಕೈಯಲ್ಲಿ ಕೆಲಸ ಸಾಗದಿರುವುದು. ಅದನ್ನು ಕಾಯಿಲೆ ಅಂತ ಕರೆದಿಲ್ಲ, ಕೆಲಸದ ಜಾಗದಲ್ಲಿ ಹುಟ್ಟುವ ತೊಂದರೆ ಅಂತಲೇ ಹೇಳಿದೆ. ನಾನು ಮಾತ್ರ ಬಿಪಿ ಇರಬೇಕು ಅಂತ ಉಪ್ಪಿನಕಾಯಿ ಬಿಟ್ಟಿದ್ದೆ.

ಆ ಸ್ಕ್ರಾಪ್ ಆದ ವಾರ ಒಂದು ಲೆಕ್ಕ ಹಾಕಿದೆ. ಹನ್ನೆರಡು ಗಂಟೆಯಲ್ಲಿ ಊಟದ ಅರ್ಧ ಗಂಟೆ ಕಳೆದರೂ ವಾರಕ್ಕೆ ಆರು ದಿನ ಅಂದರೆ 69 ಗಂಟೆ. 1948ರ ಕಾರ್ಖಾನೆ ಕಾಯ್ದೆ ಹೇಳಿದ್ದು 48. ಅಂದರೆ 21 ಗಂಟೆ ಓಟಿ (ಓವರ್‌ಟೈಮ್), ಮೂರು ತಿಂಗಳಿಗೆ 273. ಕರ್ನಾಟಕದ 2023ರ ತಿದ್ದುಪಡಿಯಲ್ಲಿ ಮೂರು ತಿಂಗಳ ಓಟಿ ಮಿತಿಯನ್ನು 75ರಿಂದ 144 ಗಂಟೆಗೆ ಏರಿಸಿದರು, ಅದಕ್ಕೇ ಕಾರ್ಮಿಕ ಸಂಘಟನೆಗಳು ಗಲಾಟೆ ಮಾಡಿದವು. ನಾನು ಆ ಏರಿಸಿದ ಮಿತಿಯ ಹತ್ತಿರ ಹತ್ತಿರ ಎರಡರಷ್ಟು ಮಾಡಿಸುತ್ತಿದ್ದೆ. ಓಟಿಗೆ ಡಬಲ್ ಕೂಲಿ ಕೊಡಬೇಕು ಅನ್ನುವುದೂ ಅದೇ ಕಾಯ್ದೆಯಲ್ಲಿತ್ತು. ನಾನು ಕೊಡುತ್ತಿದ್ದದ್ದು ಸಿಂಗಲ್. ಇದನ್ನು ಬರೆಯೋಕೆ ನಾಚಿಕೆ ಆಗುತ್ತೆ, ಆದರೆ ಇದನ್ನು ಬಿಟ್ಟು ಉಳಿದದ್ದು ಬರೆದರೆ ಸುಳ್ಳಾಗುತ್ತೆ.

ಹಾಗಂತ ತಕ್ಷಣ ಗಂಟೆ ಕಡಿಮೆ ಮಾಡುವ ಧೈರ್ಯ ಬರಲಿಲ್ಲ. ಹನ್ನೆರಡು ಗಂಟೆ ಓಡಿಸಿಯೇ ಡೆಲಿವರಿ ಆಗ್ತಿಲ್ಲ, ಎಂಟು ಗಂಟೆಗೆ ಹೇಗೆ? ನಮ್ಮ ಸೆಟ್ಟರ್, ಅಂದರೆ ಪ್ರತಿ ಜಾಬಿಗೂ ಮಷೀನ್ ಸಜ್ಜು ಮಾಡುವವರು, ಮಾಗಡಿ ಕಡೆಯವರು, ನನಗಿಂತ ಹಿರಿಯರು. ಅವರೇ ಅಂದರು, ‘ಮೊದ್ಲು ಮಷೀನ್ ಎಷ್ಟೊತ್ತು ಓಡ್ತದೆ ನೋಡಿ ಸಾರ್, ಜನ ಎಷ್ಟೊತ್ತು ನಿಂತವ್ರೆ ಅನ್ನೋದು ಆಮೇಲೆ.’ ಪ್ರತಿ ಮಷೀನಿಗೂ ಮಕ್ಕಳ ಸ್ಲೇಟೊಂದು ನೇತುಹಾಕಿದರು. ಮಷೀನ್ ಐದು ನಿಮಿಷಕ್ಕಿಂತ ಹೆಚ್ಚು ನಿಂತರೆ ಎಷ್ಟು ನಿಮಿಷ, ಯಾಕೆ, ಅಷ್ಟೇ ಬರೀಬೇಕು. ಯಾರ ಹೆಸರೂ ಬೇಡ, ಯಾರಿಗೂ ಬೈಗುಳ ಇಲ್ಲ. ಶಿಫ್ಟ್ ಮುಗಿದಾಗ ನಾನು ಅದನ್ನು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ.

ಮೂರು ವಾರ ಬರೆದೆವು. ಹನ್ನೆರಡು ಗಂಟೆಯಲ್ಲಿ ಮಷೀನ್ ನಿಜವಾಗಿ ಲೋಹ ಕೊರೆದದ್ದು ಏಳು ಗಂಟೆ. ಉಳಿದದ್ದಕ್ಕೆ ಸ್ಲೇಟಿನಲ್ಲಿದ್ದ ಕಾರಣಗಳು: ‘ಬಾರ್ (ಲೋಹದ ಸರಳು) ಕಟ್ ಆಗಿಲ್ಲ’, ‘ಜಾ (ಪೀಸನ್ನು ಹಿಡಿಯುವ ಹಲ್ಲು) ಸಿಗ್ತಿಲ್ಲ’, ‘ಇನ್ಸರ್ಟ್ ಬೀರು ಬೀಗ’, ‘ಹಳೇ ಡ್ರಾಯಿಂಗ್’. ಎಲ್ಲಕ್ಕಿಂತ ಜಾಸ್ತಿ ಸಲ ಇದ್ದದ್ದು ಒಂದೇ ಪದ, ‘ಸಾರ್’. ಏನಿದು ಅಂತ ಕೇಳಿದೆ. ಹುಡುಗರು ಒಬ್ಬರ ಮುಖ ಒಬ್ಬರು ನೋಡಿದರು. ಸೆಟ್ಟರೇ ಬಿಡಿಸಿ ಹೇಳಿದರು. ಹೊಸ ಜಾಬ್ ಹಾಕಿದಾಗ ಮೊದಲ ಪೀಸನ್ನು ನಾನು ನೋಡಿ ಓಕೆ ಅನ್ನುವ ತನಕ ಮಷೀನ್ ಓಡಿಸಬಾರದು ಅಂತ ನಾನೇ ರೂಲ್ ಮಾಡಿದ್ದೆ. ನಾನೋ ಬ್ಯಾಂಕಿನಲ್ಲಿ, ಪ್ಲೇಟಿಂಗ್‌ನವರ ಹತ್ತಿರ, ಕಸ್ಟಮರ್ ಆಫೀಸಿನಲ್ಲಿ. ಮಷೀನ್ ನಲವತ್ತು ನಿಮಿಷ, ಒಂದು ಗಂಟೆ ನನಗೋಸ್ಕರ ಬಾಯಿ ತೆರೆದುಕೊಂಡು ಕಾಯುತ್ತಿತ್ತು. ಆಮೇಲೆ ಡೆಲಿವರಿ ಲೇಟಾಯ್ತು ಅಂತ ನಾನೇ ಅದೇ ಹುಡುಗರನ್ನು ಇನ್ನೂ ನಾಲ್ಕು ಗಂಟೆ ನಿಲ್ಲಿಸುತ್ತಿದ್ದೆ.

ಕೆಲಸದಲ್ಲಿ ಬದಲಾಯಿಸಿದ್ದು ದೊಡ್ಡದೇನಲ್ಲ. ಮೊದಲ ಪೀಸಿನ ಓಕೆ ಸೆಟ್ಟರ್ ಮತ್ತು ಇನ್ನೊಬ್ಬ ಹಿರಿಯ ಆಪರೇಟರ್ ಕೈಗೆ ಕೊಟ್ಟೆ. ಮುಂದಿನ ಜಾಬಿನ ಜಾ, ಟೂಲು, ಡ್ರಾಯಿಂಗು, ಗೇಜು ಎಲ್ಲಾ ಒಂದು ಟ್ರಾಲಿಯಲ್ಲಿ ಹಿಂದಿನ ಶಿಫ್ಟಿನಲ್ಲೇ ರೆಡಿ. ಬಾರ್ ಒಂದು ದಿನ ಮುಂಚೆಯೇ ಕಟ್ಟಿಂಗ್‌ಗೆ. ಇನ್ಸರ್ಟ್ ಬೀರುವಿನ ಬೀಗದ ಕೈ ಮಾತ್ರ ಬಿಟ್ಟುಕೊಡೋಕೆ ನನಗೆ ಎರಡು ವಾರ ಹಿಡೀತು, ಯಾಕೆ ಅಂತ ಈಗ ಯೋಚಿಸಿದರೆ ನಗು ಬರುತ್ತೆ. ಒಂದು ಜಾಬ್‌ನಿಂದ ಇನ್ನೊಂದಕ್ಕೆ ಬದಲಾಯಿಸೋಕೆ ಮೊದಲು ಎರಡು ಗಂಟೆ ಹೋಗುತ್ತಿತ್ತು, ಅದು ಐವತ್ತು ನಿಮಿಷಕ್ಕೆ ಇಳೀತು. ಆಮೇಲೆ ಶಿಫ್ಟ್ ಬದಲಾಯಿಸಿದೆ: ಬೆಳಿಗ್ಗೆ ಆರರಿಂದ ಎರಡೂವರೆ, ಎರಡೂವರೆಯಿಂದ ರಾತ್ರಿ ಹನ್ನೊಂದು. ನಡುವೆ ಅರ್ಧ ಗಂಟೆ ಊಟ, ಭಾನುವಾರ ರಜೆ. ಹನ್ನೊಂದಕ್ಕೆ ಮೇನ್ ಸ್ವಿಚ್ ಆಫ್.

ನಿಜವಾದ ತೊಂದರೆ ಇಲ್ಲಿಂದ ಶುರು. ಹುಡುಗರು ಖುಷಿಪಡುತ್ತಾರೆ ಅಂದುಕೊಂಡಿದ್ದೆ. ರಾಯಚೂರಿನ ಹುಡುಗ ನೇರವಾಗಿ ಕೇಳಿದ, ‘ಓಟಿ ಇಲ್ಲಾಂದ್ರ ಊರಿಗೆ ಏನ್ ಕಳಿಸ್ಲಿ ಸರ?’ ಅವನ ಮಾತು ಸರಿಯಾಗೇ ಇತ್ತು. ಸಂಬಳದಲ್ಲಿ ರೂಮ್ ಬಾಡಿಗೆ, ಊಟ ಮುಗಿದುಹೋಗುತ್ತೆ. ಮನೆಗೆ ಹೋಗುತ್ತಿದ್ದದ್ದು ಓಟಿ ದುಡ್ಡೇ. ರಾತ್ರಿ ನಿದ್ದೆ ಬಿಟ್ಟು ದುಡಿಯೋದು ಅವರಿಗೇನೂ ಇಷ್ಟದ ಕೆಲಸ ಆಗಿರಲಿಲ್ಲ, ಅಲ್ವಾ? ಗಂಟೆ ಕಡಿಮೆ ಮಾಡಿ ಒಳ್ಳೆಯವನು ಅನ್ನಿಸಿಕೊಂಡು, ಅದರ ಖರ್ಚನ್ನು ಅವರ ತಲೆಗೇ ಕಟ್ಟಲು ಹೊರಟಿದ್ದೆ ನಾನು. ಮತ್ತೆ ಲೆಕ್ಕಕ್ಕೆ ಕೂತೆ. ಸ್ಕ್ರಾಪ್ ಆಗುತ್ತಿದ್ದ ಮಾಲು, ರಾತ್ರಿಯ ಕರೆಂಟು, ಲೇಟ್ ಡೆಲಿವರಿಗೆ ಕಸ್ಟಮರ್ ಹಿಡಿಯುತ್ತಿದ್ದ ದುಡ್ಡು ಎಲ್ಲಾ ಸೇರಿಸಿ ನೋಡಿ ಆಪರೇಟರ್‌ಗಳ ಮೂಲ ಸಂಬಳ ತಿಂಗಳಿಗೆ 4,500 ರೂಪಾಯಿ ಏರಿಸಿದೆ. ಆದರೂ ಮೊದಲು ಕೈಗೆ ಬರುತ್ತಿದ್ದಕ್ಕಿಂತ ಎರಡು ಸಾವಿರದಷ್ಟು ಕಮ್ಮಿಯೇ. ಇಬ್ಬರು ಬಿಟ್ಟು ಹೋದರು, ಹನ್ನೆರಡು ಗಂಟೆ ಇರುವ ಕಡೆಗೆ. ಒಬ್ಬ ಐದು ತಿಂಗಳಾದ ಮೇಲೆ ವಾಪಸ್ ಬಂದ. ಇನ್ನೊಬ್ಬ ಬರಲಿಲ್ಲ. ತಂಗಿ ಮದುವೆ ಸಾಲ ಇತ್ತು ಅವನಿಗೆ, ಅವನನ್ನು ಏನಂತ ಅನ್ನಲಿ.

ಇದೆಲ್ಲ ನಡೀತಿರುವಾಗಲೇ, ಆ ಅಕ್ಟೋಬರ್‌ನಲ್ಲಿ, ಯುವಕರು ವಾರಕ್ಕೆ 70 ಗಂಟೆ ದುಡೀಬೇಕು ಅಂತ ನಾರಾಯಣಮೂರ್ತಿಯವರು ಹೇಳಿದ್ದು. ಟೀವಿಯಲ್ಲಿ ದಿನವೆಲ್ಲ ಅದೇ ಚರ್ಚೆ, ಎಲ್ಲಾ ಐಟಿಯವರದ್ದೇ ಮಾತು. ನಮ್ಮ ಹುಡುಗರು ಅದಾಗಲೇ 69 ಮಾಡಿ ಮುಗಿಸಿದ್ದರು. ಆಗ ನನ್ನ ಅಕ್ಕನ ಮಗ ಒಂದು ಅಧ್ಯಯನದ ವಿಷಯ ಹೇಳಿದ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಮದ್ದುಗುಂಡು ಕಾರ್ಖಾನೆಗಳ ಹಳೇ ದಾಖಲೆಗಳನ್ನು ಸ್ಟ್ಯಾನ್‌ಫರ್ಡ್‌ನ ಅರ್ಥಶಾಸ್ತ್ರಜ್ಞ ಜಾನ್ ಪೆನ್‌ಕಾವೆಲ್ 2014ರಲ್ಲಿ ಮತ್ತೆ ಲೆಕ್ಕ ಹಾಕಿದ್ದರಂತೆ. ವಾರಕ್ಕೆ 70 ಗಂಟೆ ದುಡಿದಾಗ ಆದ ಮಾಲಿಗೂ 56 ಗಂಟೆಯಲ್ಲಿ ಆದ ಮಾಲಿಗೂ ಹೆಚ್ಚಿನ ವ್ಯತ್ಯಾಸ ಇರಲಿಲ್ಲ. ನನಗೆ ಹಿಡಿಸಿದ್ದು ಬೇರೆ. ಆ ದಾಖಲೆಯಲ್ಲಿದ್ದ ಹೆಂಗಸರ ಒಂದು ಗುಂಪು ಮಾಡುತ್ತಿದ್ದದ್ದು ಫ್ಯೂಸ್ ಬಾಡಿ ಟರ್ನಿಂಗ್, ಅಂದರೆ ಮದ್ದುಗುಂಡಿನ ಫ್ಯೂಸಿನ ಹೊರಕವಚವನ್ನು ಲೇತಿನಲ್ಲಿ ತಿರುಗಿಸಿ ಕೊರೆಯೋದು. ನಮ್ಮ ಕೆಲಸವೇ!

ನಮ್ಮಲ್ಲಿ ಮೊದಲ ತಿಂಗಳು ಮಾಲು ಕಮ್ಮಿಯಾಯಿತು, ನೂರಕ್ಕೆ ಎಂಟರಷ್ಟು. ನನಗೆ ನಿದ್ದೆ ಇಲ್ಲ. ಒಬ್ಬ ಕಸ್ಟಮರ್ ಆರ್ಡರ್ ಬೇರೆ ಕಡೆ ಕೊಟ್ಟರು, ಅದು ವಾಪಸ್ ಬರಲೇ ಇಲ್ಲ. ಮೂರನೇ ತಿಂಗಳಿಗೆ ಹಳೇ ಲೆಕ್ಕಕ್ಕೆ ಬಂತು. ರಿಜೆಕ್ಷನ್ ನೂರಕ್ಕೆ ನಾಲ್ಕು ಇದ್ದದ್ದು ಒಂದಕ್ಕಿಂತ ಸ್ವಲ್ಪ ಮೇಲೆ ನಿಂತಿತು. ಶೀಟುಗಳಲ್ಲಿ ರೀಡಿಂಗ್ ಏರುಪೇರಾಗಿ ಬರೋಕೆ ಶುರುವಾಯಿತು. ಅಂದರೆ ನಿಜವಾಗಿ ಅಳೀತಿದ್ದಾರೆ ಅಂತ. ಈಗ ಕೆಳಗೆ ಸಹಿ ಅಳೆದವರದ್ದೇ.

ಎಲ್ಲಾ ಸರಿಹೋಯಿತು ಅಂತ ಹೇಳಲ್ಲ. ಮಾರ್ಚ್ ಬಂದರೆ ಈಗಲೂ ನಾಲ್ಕು ಭಾನುವಾರ ಓಡಿಸ್ತೀನಿ, ಡಬಲ್ ಕೊಟ್ಟು, ಯಾರು ಬರ್ತೀರಿ ಅಂತ ಕೇಳಿ. ರಾತ್ರಿ ಎರಡಕ್ಕೆ ಫೋನ್ ಬರದಿದ್ದರೂ ಎಚ್ಚರ ಆಗುತ್ತೆ. ಸ್ಲೇಟುಗಳನ್ನು ತೆಗೆದಿಲ್ಲ. ಮೊನ್ನೆ ಮಂಗಳವಾರ ಎರಡನೇ ಲೇತಿನ ಸ್ಲೇಟಿನಲ್ಲಿ ಮತ್ತೆ ‘ಸಾರ್, 25 ನಿಮಿಷ’ ಅಂತ ಇತ್ತು. ಹೊಸ ಕಸ್ಟಮರ್‌ನ ಡ್ರಾಯಿಂಗನ್ನು ಬ್ಯಾಗಿನಲ್ಲಿಟ್ಟುಕೊಂಡು ನಾನು ಆಡಿಟರ್ ಆಫೀಸಿಗೆ ಹೋಗಿಬಿಟ್ಟಿದ್ದೆ.